ದೊಡ್ಡವಳ ಕಾಗದ

ದೊಡ್ಡವಳಿಗೆ ಮೊದಲು ಹೊಟ್ಟೆ ಉರಿದದ್ದು ಆ ಕುರ್ಚಿ ನೋಡಿ. ಪ್ಲಾಸ್ಟಿಕ್ ಕುರ್ಚಿ, ಅದರಲ್ಲೂ ಒಂದು ಕಾಲು ಗಿಡ್ಡ, ಅಡಿಯಲ್ಲಿ ರಟ್ಟು ಮಡಚಿ ಇಟ್ಟಿದ್ದರು. ಆದರೂ ಕುರ್ಚಿ ಕುರ್ಚಿಯೇ. ಹನ್ನೊಂದು ವರ್ಷದಿಂದ ಅದೇ ಲಾಂಡ್ರಿಯಲ್ಲಿ ನಿಂತುಕೊಂಡು ಆಸ್ಪತ್ರೆಯ ಚಾದರಗಳಿಗೆ ಇಸ್ತ್ರಿ ಹಾಕುತ್ತಿದ್ದ ಅವಳಿಗೆ ಮಾಲೀಕ ಒಂದು ಸ್ಟೂಲನ್ನೂ ಕೊಟ್ಟಿರಲಿಲ್ಲ. ಎರಡು ತಿಂಗಳ ಹಿಂದೆ ಸೇರಿದ ತಂಗಿಗೆ ಕುರ್ಚಿ, ಮೇಜು, ಮೇಜಿನ ಮೇಲೆ ಫ್ಯಾನು, ಗಾಜಿನ ಲೋಟದಲ್ಲಿ ಚಹಾ. ಇಸ್ತ್ರಿ ಹಾಲ್‌ನವರಿಗೆ ಸ್ಟೀಲ್ ಲೋಟ. ಅದನ್ನೂ ಅವರೇ ತೊಳೆದು ಕವುಚಿ ಇಡಬೇಕು.

ಆ ಕೆಲಸ ಕೊಡಿಸಿದ್ದೂ ತಾನೇ. "ನಮ್ಮ ಚಿಕ್ಕವಳು ಹತ್ತನೇ ಪಾಸು ಸಾರ್, ಕಂಪ್ಯೂಟರ್ ಬರುತ್ತೆ, ಬಿಲ್ ಬರೀತಾಳೆ" ಎಂದು ಮಾಲೀಕನ ಹಿಂದೆ ಒಂದು ವಾರ ತಿರುಗಿದ್ದಳು. ಈಗ ಇಡೀ ಲಾಂಡ್ರಿ ಅವಳನ್ನು ಬಿಲ್ ಮೇಡಂ ಅನ್ನುತ್ತಿತ್ತು. ದೊಡ್ಡವಳನ್ನು ಇಸ್ತ್ರಿ ಅಕ್ಕ ಅನ್ನುತ್ತಿತ್ತು.

ಮನೆಯಲ್ಲಿ ಇಬ್ಬರನ್ನೂ ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ. ದೊಡ್ಡವಳು, ಚಿಕ್ಕವಳು, ಅಷ್ಟೆ. ಇಬ್ಬರ ನಡುವೆ ಎರಡು ವರ್ಷದ ಅಂತರ. ಮೂವತ್ತೊಂದರ ದೊಡ್ಡವಳು ಮದುವೆಯಾಗಿ ಒಂದೂವರೆ ವರ್ಷಕ್ಕೆ ಪೆಟ್ಟಿಗೆ ಸಮೇತ ವಾಪಸು ಬಂದಿದ್ದಳು. ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಚಿಕ್ಕವಳಿಗೆ ಇನ್ನೂ ಮದುವೆಯಾಗಿರಲಿಲ್ಲ. ಎರಡು ಕೋಣೆಯ ಬಾಡಿಗೆ ಮನೆ, ಮಂಡಿನೋವಿನ ಅಮ್ಮ, ಬಸ್ ಡಿಪೋದಲ್ಲಿ ಕ್ಲೀನರ್ ಆಗಿ ನಿವೃತ್ತನಾಗಿ ಈಗಲೂ ದಿನಾ ಡ್ಯೂಟಿಗೆ ಹೊರಟವನಂತೆ ಗಡ್ಡ ಹೆರೆದುಕೊಳ್ಳುವ ಅಪ್ಪ.

"ನೀನು ದೊಡ್ಡವಳು, ಬಿಟ್ಟುಕೊಡು." ಇದು ಅಮ್ಮನ ಬಾಯಿಪಾಠ. ಮೊಟ್ಟೆ ಮೂರೇ ಇದ್ದರೆ ದೊಡ್ಡವಳು ಬಿಟ್ಟುಕೊಡಬೇಕು. ಕಿಟಕಿ ಪಕ್ಕದ ಹಾಸಿಗೆ ಬಿಟ್ಟುಕೊಡಬೇಕು. ಎಲ್ಲರೂ ಉಂಡಮೇಲೆ ಪಾತ್ರೆ ತೊಳೆಯುವುದು ದೊಡ್ಡವಳು. ಬೆಳಿಗ್ಗೆ ತಂಗಿಯ ಅಂಗಿಗೆ ಇಸ್ತ್ರಿ ಹಾಕುವುದೂ ದೊಡ್ಡವಳೇ, ಹೇಗೂ ಅವಳ ಕೈಗೆ ಅದು ಅಂಟಿದ ಕೆಲಸವಲ್ಲವೇ.

ತಿಂಗಳ ಮೊದಲ ಸೋಮವಾರ ಮಾಲೀಕ ಇಸ್ತ್ರಿ ಹಾಲ್‌ಗೆ ಬಂದು ಚಪ್ಪಾಳೆ ತಟ್ಟಿದ.

"ಕೇಳಿ ಎಲ್ಲ. ಹೊಸ ಆಸ್ಪತ್ರೆ ಕಾಂಟ್ರಾಕ್ಟ್ ಸಿಕ್ಕಿದೆ. ಅವರು ಪ್ರತಿಯೊಬ್ಬರ ಫೈಲ್ ಕೇಳ್ತಾರೆ. ಜನನ ಪತ್ರ, ಗುರುತಿನ ಚೀಟಿ. ಇಲ್ಲಿ ದುಡಿಯೋಕೆ ಹಕ್ಕಿದೆ ಅಂತ ಕಾಗದ ತೋರಿಸಿದವರು ಒಳಗೆ, ತೋರಿಸದವರು ಹೊರಗೆ. ಈ ತಿಂಗಳ ಕೊನೇ ದಿನ ಗಡುವು."

"ನಾನು ಹುಟ್ಟಿದಾಗ ಕಾಗದಾನೇ ಹುಟ್ಟಿರ್ಲಿಲ್ಲ ಸಾರ್" ಎಂದಳು ತೊಳೆಯುವ ಮಷಿನ್ ನೋಡಿಕೊಳ್ಳುವ ಮುದುಕಿ. ಅವಳಿಗೆ ಮಷಿನಜ್ಜಿ ಎಂದು ಹೆಸರು.

"ನಿನ್ನ ಗುರುತಿನ ಚೀಟಿ ತಾ ಸಾಕು. ಇಸ್ತ್ರಿ ಅಕ್ಕ, ನಿನ್ನ ಹತ್ರ ಏನಿದೆ?"

"ಚೀಟಿ ಮಾಡಿಸಿಲ್ಲ ಸಾರ್. ಜನನ ಪತ್ರ ಇದೆ ಮನೇಲಿ. ಆಸ್ಪತ್ರೆಯಲ್ಲಿ ಹುಟ್ಟಿದವಳು ನಾನು."

"ಸರಿ, ಅದಿದ್ರೆ ಚೀಟಿ ಒಂದೇ ದಿನದ ಕೆಲಸ. ಎಲ್ಲ ತಂದು ಬಿಲ್ ಮೇಡಂ ಕೈಗೆ ಕೊಡಿ."

ಬಿಲ್ ಮೇಡಂ ಬಾಗಿಲಲ್ಲಿ ಹೊಸ ರಿಜಿಸ್ಟರ್ ಹಿಡಿದು ನಿಂತಿದ್ದಳು. ಅಕ್ಕನ ಮುಖ ನೋಡಲಿಲ್ಲ.

ಅಂದು ಸಂಜೆ ಅಮ್ಮ ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ಅಮ್ಮಾ, ನನ್ನ ಜನನ ಪತ್ರ ತೆಗೆದುಕೊಡು."

"ಯಾವ ಪತ್ರ?"

"ದೊಡ್ಡವಳು ಆಸ್ಪತ್ರೆಯಲ್ಲಿ ಹುಟ್ಟಿದ್ದು ಅಂತ ಬೀದಿಗೆಲ್ಲ ಹೇಳ್ಕೊಂಡು ತಿರುಗ್ತೀಯಲ್ಲ, ಅಲ್ಲಿ ಕೊಟ್ಟಿದ್ದು."

"ನೋಡೋಣ ಬಿಡು."

"ನೋಡೋಣ ಅಂದ್ರೆ? ಟ್ರಂಕಿನ ಬೀಗದಕೈ ಕೊಡು, ನಾನೇ ನೋಡ್ತೀನಿ."

"ಟ್ರಂಕಲ್ಲಿ ಇಲ್ಲ ಕಣೆ." ಅಮ್ಮ ಒಂದೇ ಗೆಡ್ಡೆಯನ್ನು ಸುಲಿದದ್ದೇ ಸುಲಿದಳು. ಅದು ನಿಂಬೆಹಣ್ಣಿನಷ್ಟಾಯಿತು.

ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ ಚಿಕ್ಕವಳ ಕೈ ನಿಂತಿತು. "ಹೇಳ್ಬಿಡಮ್ಮಾ. ಎಷ್ಟು ದಿನ ಮುಚ್ಚಿಡ್ತೀಯ?"

ಅಮ್ಮ ಹೇಳಿದಳು. ಚಿಕ್ಕವಳನ್ನು ಶಾಲೆಗೆ ಸೇರಿಸಲು ಹೋದಾಗ ಜನನ ಪತ್ರ ಕೇಳಿದ್ದರು. ಚಿಕ್ಕವಳು ಮನೆಯಲ್ಲಿ ಹುಟ್ಟಿದವಳು, ಅದನ್ನು ಯಾರೂ ಬರೆಸಿರಲಿಲ್ಲ. "ಮನೇಲಿ ಇದ್ದಿದ್ದೇ ಒಂದು ಕಾಗದ. ಅದರಲ್ಲಿ ಹೆಸರೂ ಇರ್ಲಿಲ್ಲ. ಹೆಣ್ಣು ಮಗು ಅಂತ ಬರೆದಿತ್ತು, ನಮ್ಮಿಬ್ಬರ ಹೆಸರು ಬರೆದಿತ್ತು. ಇವಳೂ ಹೆಣ್ಣು ಮಗೂನೇ ಅಲ್ವಾ? ತಗೊಂಡು ಹೋಗಿ ತೋರಿಸಿದೆ. ಅವರು ಇವಳ ಹೆಸರು ಸೇರಿಸಿಕೊಟ್ರು."

"ನಾನೇನು ಗಂಡಾ?"

"ನೀನು ಸ್ಕೂಲಿಗೆ ಹೋಗ್ತಿರ್ಲಿಲ್ವಲ್ಲ. ನಿಮ್ಮಜ್ಜಿ ಹಾಸಿಗೆ ಹಿಡಿದಿದ್ಲು, ನಾನು ನಾಲ್ಕು ಮನೆ ಕೆಲಸಕ್ಕೆ ಹೋಗ್ಬೇಕು. ಮನೇಲಿರೋಳಿಗೆ ಯಾಕೆ ಕಾಗದ ಅಂದ್ಕೊಂಡೆ."

"ನಾನ್ಯಾಕೆ ಮನೇಲಿ ಇದ್ದೆ?"

"ನೀನು ದೊಡ್ಡವಳು" ಎಂದು ಅಮ್ಮನ ಬಾಯಿಂದ ಬಂದೇಬಿಟ್ಟಿತು.

ದೊಡ್ಡವಳು ತಂಗಿಯ ಕಡೆ ತಿರುಗಿದಳು. "ನಿನಗೆ ಗೊತ್ತಿತ್ತಾ?"

"ಎಂಟನೇ ಕ್ಲಾಸಿಂದ."

"ತೋರಿಸು."

ಚಿಕ್ಕವಳು ಬೀರುವಿನಿಂದ ನೀಲಿ ಫೈಲು ತಂದಳು. ಎಲ್ಲ ಪ್ಲಾಸ್ಟಿಕ್ ಹಾಳೆಯೊಳಗೆ ಒಪ್ಪವಾಗಿ ಕೂತಿತ್ತು. ದೊಡ್ಡವಳಿಗೆ ಅಕ್ಷರ ನಿಧಾನ, ಅಂಕಿ ಮಾತ್ರ ಚುರುಕು. ಚಾದರದ ಮೇಲಿನ ವಾರ್ಡ್ ನಂಬರು ಓದಿ ಓದಿ ಪಳಗಿದ ಕಣ್ಣು. ಮಾರ್ಚ್ ಹತ್ತೊಂಬತ್ತು. ತಾನು ಹುಟ್ಟಿದ ದಿನವನ್ನು ಮೂವತ್ತೊಂದು ವರ್ಷದಲ್ಲಿ ಅವಳು ನೋಡಿದ್ದು ಅದೇ ಮೊದಲು. ಅದರ ಪಕ್ಕದಲ್ಲಿ ತಂಗಿಯ ಹೆಸರಿತ್ತು.

"ನನ್ನ ಹುಟ್ಟನ್ನೂ ಬಿಡ್ಲಿಲ್ವಲ್ಲೇ ನೀನು."

"ನಾನು ಆಗ ಆರು ವರ್ಷದವಳು ಅಕ್ಕ! ನಾನು ಕೇಳಿದ್ನಾ?"

"ಎಂಟನೇ ಕ್ಲಾಸಲ್ಲಿ ಆರು ವರ್ಷ ಇರ್ಲಿಲ್ಲ."

ಅಪ್ಪ ರೇಡಿಯೋದ ಸದ್ದು ಜಾಸ್ತಿ ಮಾಡಿದ.

ಎರಡನೆಯ ವಾರ ಮನೆಯಲ್ಲಿ ಮಾತು ಎಲ್ಲ ಅಮ್ಮನ ಮೂಲಕ ಓಡಾಡಿತು. "ಅವಳಿಗೆ ಹೇಳು, ಬಚ್ಚಲು ಖಾಲಿಯಾಯ್ತು ಅಂತ." "ಇವಳಿಗೆ ಹೇಳು, ಕಿವಿ ಕೇಳಿಸುತ್ತೆ ನನಗೂ ಅಂತ." ದೊಡ್ಡವಳು ತಂಗಿಯ ಅಂಗಿಗೆ ಇಸ್ತ್ರಿ ಹಾಕುವುದನ್ನು ನಿಲ್ಲಿಸಿದಳು. ಬಿಲ್ ಮೇಡಂ ಹಸು ಅಗಿದು ಬಿಟ್ಟಂಥ ಅಂಗಿ ತೊಟ್ಟುಕೊಂಡು ಲಾಂಡ್ರಿಯ ಆಫೀಸಿನಲ್ಲಿ ಕೂತಳು.

"ಏನು ಮೇಡಂ, ಇಸ್ತ್ರಿ ಅಂಗಡಿ ದೂರವಾ?" ಎಂದು ಮಷಿನಜ್ಜಿ ಕೇಳಿದ್ದು ಹಾಲ್‌ವರೆಗೂ ಕೇಳಿಸಿತು. ದೊಡ್ಡವಳಿಗೆ ಒಂದು ಗಂಟೆ ಖುಷಿಯಾಯಿತು. ಆಮೇಲೆ ಗಾಜಿನ ಲೋಟದ ಚಹಾ ಹೋಗುವುದು ಕಂಡು ಖುಷಿ ಆರಿತು.

ಒಬ್ಬೊಬ್ಬರೇ ಕಾಗದ ತಂದು ಮೇಜಿನ ಮೇಲೆ ಇಡುತ್ತಿದ್ದರು. ಚಿಕ್ಕವಳು ಹಾಳೆ ತಿರುವಿ, ಮೂಲಪ್ರತಿಗೂ ಜೆರಾಕ್ಸಿಗೂ ತಾಳೆ ನೋಡಿ, ರಿಜಿಸ್ಟರಿನಲ್ಲಿ ಕೆಂಪು ಗುರುತು ಹಾಕುತ್ತಿದ್ದಳು. ದೊಡ್ಡವಳ ಸಾಲು ಖಾಲಿ ಇತ್ತು. ಮೂವತ್ತೆಂಟು ಜನರಲ್ಲಿ ಖಾಲಿ ಉಳಿದದ್ದು ಕೊನೆಗೆ ಅದೊಂದೇ.

ಶನಿವಾರ ಊಟಕ್ಕೆ ಕೂತಾಗ ಒಡೆಯಿತು. ಅಮ್ಮ ಮೊಟ್ಟೆಯನ್ನು ಚಿಕ್ಕವಳ ತಟ್ಟೆಗೆ ಹಾಕಿದಳು.

"ಹಾಕು ಹಾಕು" ಎಂದಳು ದೊಡ್ಡವಳು. "ಕಾಗದ ಇರೋರಿಗೆ ಮೊಟ್ಟೆ. ನಮಗೆ ಸಿಪ್ಪೆ ಸಾಕು."

ಚಿಕ್ಕವಳು ಮೊಟ್ಟೆ ಎತ್ತಿ ಅಕ್ಕನ ತಟ್ಟೆಗೆ ಹಾಕಿದಳು. "ತಿನ್ನು. ಅದನ್ನೂ ನಾನೇ ಕದ್ದೆ ಅನ್ನು."

"ಕದ್ದಿದ್ದು ಸುಳ್ಳಾ?"

"ಕದ್ದು ಏನು ಸುಖಪಟ್ಟೆ ಹೇಳು. ಕಾಗದದಲ್ಲಿ ಎಂಟು ವರ್ಷ ಅಂತ ನನ್ನ ನೇರ ಎರಡನೇ ಕ್ಲಾಸಿಗೆ ತಳ್ಳಿದ್ರು. ಅ ಆ ಬರದೆ ಒಂದು ವರ್ಷ ಏಟು ತಿಂದೆ. ನೋಡೋಕೆ ಬಂದ ಎರಡು ಗಂಡಿನ ಕಡೆಯವರು ಕಾಗದ ನೋಡಿ, ಹುಡುಗಿಗೆ ವಯಸ್ಸಾಯ್ತು ಅಂತ ಎದ್ದು ಹೋದ್ರು. ನಿನ್ನ ವಯಸ್ಸು ಹೊತ್ಕೊಂಡು ತಿರುಗ್ತಿರೋಳು ನಾನು."

"ವಯಸ್ಸು ಹೊತ್ತಿದ್ದೀಯ. ಚಾದರ ಯಾರು ಹೊರ್ತಿದ್ರು?"

"ಈ ಮನೇಲಿ ದುಡ್ಡಿನ ಲೆಕ್ಕ ಯಾರ ಕೈಲಿದೆ? ಅಮ್ಮ ಏನು ಕೇಳಿದ್ರೂ ನಿನ್ನ ಕೇಳ್ತಾಳೆ. ಲಾಂಡ್ರಿಯಲ್ಲಿ ಮಾಲೀಕನೂ ನಿನ್ನ ಅಕ್ಕ ಅಂತಾನೆ. ನಾನು ಹುಟ್ಟಿದ್ದು ಯಾವತ್ತು ಅಂತ ಈ ಮನೇಲಿ ಯಾರಿಗಾದ್ರೂ ನೆನಪಿದೆಯಾ? ನನಗಿರೋದು ಒಂದು ಕಾಗದ. ಅದೂ ನಿಂದಂತೆ."

ಅಮ್ಮ ತಟ್ಟೆ ಬಿಟ್ಟು ಎದ್ದಳು. ಅಪ್ಪ ಮಾತ್ರ ಬೇಳೆ ಕಲಸಿಕೊಳ್ಳುತ್ತಾ, "ಎರಡು ಮೊಟ್ಟೆ ಬೇಯಿಸಿದ್ರೆ ಮುಗೀತಿತ್ತು" ಎಂದ.

ಸೋಮವಾರ ಮೂವರೂ ಹೆಂಗಸರು ನೋಂದಣಿ ಕಚೇರಿಗೆ ಹೋದರು. ಮೆಟ್ಟಿಲ ಕೆಳಗೆ ಅರ್ಜಿ ಬರೆಯುವವನೊಬ್ಬ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದ. ಅಮ್ಮ ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದ. ಇಂಥವು ನೂರು ಕೇಳಿದವನ ಹಾಗಿತ್ತು.

"ಎರಡು ದಾರಿ ಇದೆ. ಒಂದು, ಇವಳು ಕೋರ್ಟಿಗೆ ಹೋಗಿ ಈ ಪತ್ರ ನಂದಲ್ಲ ಅಂತ ಒಪ್ಕೋಬೇಕು. ಒಪ್ಕೊಂಡ ದಿನದಿಂದ ಇವಳ ಮಾರ್ಕ್ಸ್ ಕಾರ್ಡು, ಗುರುತಿನ ಚೀಟಿ ಯಾವುದೂ ನಡೆಯಲ್ಲ. ಸರಿಹೋಗೋಕೆ ಎರಡು ವರ್ಷ ಹಿಡಿಯುತ್ತೆ."

"ಇನ್ನೊಂದು?" ಎಂದಳು ಅಮ್ಮ.

"ಇನ್ನೊಂದು, ನಿಮ್ಮ ಎರಡನೇ ಮಗು ಮನೇಲಿ ಹುಟ್ತು, ಬರೆಸೋದು ಮರೆತ್ರಿ. ಈಗ ಬರೆಸ್ತಿದ್ದೀರಿ. ಅಪ್ಪ ಅಮ್ಮನ ಹೇಳಿಕೆ, ಇಬ್ಬರು ಹಳೇ ನೆರೆಯವರ ಸಹಿ. ಒಂಬತ್ತು ದಿನದ ಕೆಲಸ."

"ಎರಡನೇ ಮಗು ಇವಳಲ್ವಾ?" ಅಮ್ಮ ಚಿಕ್ಕವಳನ್ನು ತೋರಿಸಿದಳು.

"ಅವಳು ಆಗಲೇ ಮೊದಲನೇ ಜಾಗದಲ್ಲಿ ಕೂತಿದ್ದಾಳೆ ತಾಯಿ. ಪುಸ್ತಕದಲ್ಲಿ ಖಾಲಿ ಇರೋದು ಎರಡನೇದೇ." ಅವನು ದೊಡ್ಡವಳ ಕಡೆ ನೋಡಿದ. "ಇವರು ಅಲ್ಲಿ ಕೂರಬೇಕು."

ದೊಡ್ಡವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಂದ್ರೆ ನಾನು ಇವಳ ತಂಗಿ?"

"ಕಾಗದದಲ್ಲಿ."

"ಬೇರೆ ಎಲ್ಲಿ ತಾನೇ ನಡೆಯುತ್ತೆ ಈಗ" ಎಂದು ದೊಡ್ಡವಳು ಮೆಟ್ಟಿಲು ಹತ್ತದೆ ಮನೆಗೆ ಹೊರಟುಹೋದಳು.

ಎರಡು ದಿನ ಅವಳು ಒಪ್ಪಲಿಲ್ಲ. ಬುಧವಾರ ಮಾಲೀಕ ಇಸ್ತ್ರಿ ಹಾಲ್‌ಗೆ ಹೊಸಬಳೊಬ್ಬಳನ್ನು ಕರೆತಂದು, "ಅಕ್ಕ, ಇವಳಿಗೆ ಪ್ರೆಸ್ ತೋರಿಸಿಕೊಡು, ಸುಮ್ಮನೆ ಗೊತ್ತಿರ್ಲಿ" ಎಂದ. ಆ ಹುಡುಗಿಯ ಕೈಯಲ್ಲೂ ಒಂದು ಪ್ಲಾಸ್ಟಿಕ್ ಫೈಲಿತ್ತು. ದೊಡ್ಡವಳು ಸಂಜೆ ಅರ್ಜಿಯ ಹಾಳೆ ಹಿಡಿದು ಮನೆಗೆ ಬಂದು, ಚಪ್ಪಲಿ ಬಿಚ್ಚುತ್ತಲೇ ತಂಗಿಯ ಕಡೆ ತೋರಿಸಿ ಕೇಳಿದಳು, "ಇವಳು ಹುಟ್ಟಿದ್ದು ಯಾವತ್ತು?"

ಅಮ್ಮನಿಗೆ ನೆನಪಿರಲಿಲ್ಲ. "ಮಳೆ ಇತ್ತು" ಎಂದಳು.

"ಜುಲೈ ಏಳು" ಎಂದ ಅಪ್ಪ. ಮೂವರೂ ಅವನ ಕಡೆ ತಿರುಗಿದರು. "ಬಸ್ ಮುಷ್ಕರ ಶುರುವಾದ ದಿನ. ಡಿಪೋದಿಂದ ಒಂಬತ್ತು ಮೈಲಿ ನಡ್ಕೊಂಡು ಬಂದೆ. ಬಂದು ನೋಡಿದ್ರೆ ಇನ್ನೊಂದು ಹೆಣ್ಣು. ಕಾಲು ನೋವಿಗೆ ಬೇಜಾರೂ ಆಗ್ಲಿಲ್ಲ."

ಚಿಕ್ಕವಳು ಪಾತ್ರೆ ಇಟ್ಟು ಬಂದು ಅಪ್ಪನ ಮುಂದೆ ನಿಂತಳು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

"ಜುಲೈ ಏಳು" ಎಂದು ಅವಳು ಒಮ್ಮೆ ಮೆಲ್ಲಗೆ ಅಂದುಕೊಂಡಳು. ಆಮೇಲೆ ಅಕ್ಕನ ಕೈಯಲ್ಲಿದ್ದ ಅರ್ಜಿ ನೋಡಿದಳು. "ಅದು ನನ್ನ ದಿನ."

"ಹೌದು" ಎಂದು ದೊಡ್ಡವಳು ಪೆನ್ನು ಅವಳ ಕೈಗೆ ಕೊಟ್ಟಳು. "ಈಗ ಗೊತ್ತಾಯ್ತಾ ಹೇಗಿರುತ್ತೆ ಅಂತ? ಬರಿ. ನಿನ್ನ ಅಕ್ಷರ ಚೆನ್ನಾಗಿದೆ."

ಗಡುವಿಗೆ ನಾಲ್ಕು ದಿನ ಇರುವಾಗ ಕಚೇರಿಯಿಂದ ಕರೆ ಬಂತು. ಅಪ್ಪ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಂದ. ನೆರೆಯವರಿಬ್ಬರು ಸಹಿ ಹಾಕಿ ಚಹಾ ಕುಡಿಯಲು ಹೋದರು. ಮೆಟ್ಟಿಲ ತಿರುವಿನಲ್ಲಿ ಚಿಕ್ಕವಳು ಅಕ್ಕನ ತೋಳು ಹಿಡಿದು ನಿಲ್ಲಿಸಿದಳು. ಮೂರು ವಾರದ ಮೇಲೆ ಮೊದಲ ಸಲ ಮುಟ್ಟಿದ್ದು.

"ಒಳಗೆ ನಿಜ ಹೇಳೋದಾದ್ರೆ ಹೇಳಿಬಿಡು. ನಾನು ಅಡ್ಡ ಬರಲ್ಲ. ಆದ್ರೆ ಇವತ್ತೇ ಹೇಳು. ಜೀವಮಾನವೆಲ್ಲ ಮೊಟ್ಟೆ ಇಟ್ಟಾಗಲೆಲ್ಲ ಹೇಳ್ಬೇಡ."

ದೊಡ್ಡವಳು ತೋಳು ಬಿಡಿಸಿಕೊಂಡಳು.

ಕೌಂಟರಿನ ಹಿಂದೆ ಕನ್ನಡಕದ ಅಧಿಕಾರಿಣಿ. ಅಪ್ಪ ಅಮ್ಮನ ಹೇಳಿಕೆ ಓದಿ, ಹಳೆಯ ದೊಡ್ಡ ಪುಸ್ತಕ ತೆರೆದು ಬೆರಳಾಡಿಸಿ, ತಲೆ ಎತ್ತಿದಳು.

"ನೀನು ಇವರಿಗೆ ಎಷ್ಟನೇ ಮಗಳಮ್ಮ?"

ದೊಡ್ಡವಳು ಪುಸ್ತಕದ ಕಡೆ ನೋಡಿದಳು. ಅದು ಕೌಂಟರಿನ ಮೇಲೆ ತೆರೆದಿತ್ತು. ಮಾರ್ಚ್ ಹತ್ತೊಂಬತ್ತರ ಸಾಲು ತಲೆಕೆಳಗಾಗಿ ಕಾಣುತ್ತಿತ್ತು. ಇದು ನಾನು ಎಂದು ಬೆರಳಿಟ್ಟರೆ ಸಾಕು, ಗೋಡೆಗೊರಗಿ ನಿಂತವಳ ನೀಲಿ ಫೈಲು ಅಲ್ಲೇ ಬರಿ ಪ್ಲಾಸ್ಟಿಕ್ಕಾಗುತ್ತದೆ. ಕುರ್ಚಿ ಹೋಗುತ್ತದೆ, ಫ್ಯಾನು ಹೋಗುತ್ತದೆ, ಗಾಜಿನ ಲೋಟ ಹೋಗುತ್ತದೆ. ಅದನ್ನು ನೋಡಬೇಕೆಂಬ ಆಸೆ ಅವಳ ಬಾಯಿಯವರೆಗೂ ಬಂತು. ಅಮ್ಮ ಸೆರಗಿನ ತುದಿ ಕಚ್ಚಿಕೊಂಡಳು.

ಆಮೇಲೆ? ಕುರ್ಚಿ ಹೋದರೆ ಅದು ತನಗೆ ಬರುವುದಿಲ್ಲ. ಆ ಹೊಸ ಹುಡುಗಿ ಪ್ರೆಸ್ ಹತ್ತಿರ ನಿಲ್ಲುತ್ತಾಳೆ, ತಾವಿಬ್ಬರೂ ಮನೆಯಲ್ಲಿ ಎದುರುಬದುರು ಕೂತು ಒಬ್ಬರ ಮುಖ ಒಬ್ಬರು ನೋಡಬೇಕು, ಎರಡು ವರ್ಷ.

"ಎಷ್ಟನೇ ಮಗಳು ಅಂತ ಕೇಳಿದೆ."

"ಎರಡನೆಯವಳು" ಎಂದಳು ದೊಡ್ಡವಳು.

"ಮೊದಲನೆಯವಳು?"

"ಅಗೋ, ಗೋಡೆ ಹತ್ರ. ನಮ್ಮಕ್ಕ."

ಚಿಕ್ಕವಳು ತಲೆ ತಗ್ಗಿಸಿ ಜೆರಾಕ್ಸ್ ಹಾಳೆಗಳನ್ನು ಎಣಿಸತೊಡಗಿದಳು. ಇದ್ದದ್ದು ಮೂರೇ ಹಾಳೆ. ಅಧಿಕಾರಿಣಿ ಇಬ್ಬರನ್ನೂ ಕನ್ನಡಕದ ಮೇಲಿಂದ ನೋಡಿದಳು. ದೊಡ್ಡವಳ ಕಿವಿಯ ಹತ್ತಿರ ಕೂದಲು ನರೆತಿತ್ತು, ಮುಂಗೈಯಲ್ಲಿ ಹಬೆ ಸುಟ್ಟ ಕಲೆಗಳಿದ್ದವು.

"ಅಕ್ಕ ಮೈ ಚೆನ್ನಾಗಿ ನೋಡ್ಕೊಂಡಿದ್ದಾಳೆ. ನೀನೂ ಸ್ವಲ್ಪ ನೋಡ್ಕೊಳಮ್ಮ, ಚಿಕ್ಕ ವಯಸ್ಸು" ಎಂದು ಹೇಳಿ ಠಸ್ಸೆ ಒತ್ತಿದಳು.

ಕೊನೆಯ ದಿನ ಮಧ್ಯಾಹ್ನ ದೊಡ್ಡವಳು ಜನನ ಪತ್ರವನ್ನೂ ಇನ್ನೂ ಬಿಸಿ ಆರದ ಗುರುತಿನ ಚೀಟಿಯನ್ನೂ ಬಿಲ್ ಮೇಡಂ ಮೇಜಿನ ಮೇಲೆ ಇಟ್ಟಳು. ಚಹಾದ ಹೊತ್ತು, ಹಾಲ್‌ನವರೆಲ್ಲ ಬಾಗಿಲಲ್ಲಿದ್ದರು. ಮಾಲೀಕನೂ ಇದ್ದ.

"ಓದು ಓದು" ಎಂದ ಅವನು. "ಎಲ್ಲರದ್ದೂ ಓದಿದ್ದೀಯ."

ಚಿಕ್ಕವಳು ಹೆಸರು ಓದಿದಳು. ತಂದೆ ತಾಯಿಯ ಹೆಸರು ಓದಿದಳು. "ಹುಟ್ಟಿದ ದಿನ, ಜುಲೈ ಏಳು" ಎಂದು ಇಸವಿಯನ್ನು ನುಂಗಿಕೊಂಡಳು. ಮಷಿನಜ್ಜಿ ಬಿಡಬೇಕಲ್ಲ, ಭುಜದ ಮೇಲಿಂದ ಬಗ್ಗಿ ನೋಡಿದಳು.

"ಅಯ್ಯೋ, ಇಸ್ತ್ರಿ ಅಕ್ಕ ನಮ್ಮ ಬಿಲ್ ಮೇಡಂಗಿಂತ ಚಿಕ್ಕವಳಂತೆ ಕಣ್ರೇ! ಹನ್ನೊಂದು ವರ್ಷ ನಮ್ಮ ಕೈಲಿ ಅಕ್ಕ ಅನ್ನಿಸ್ಕೊಂಡ್ಲು!"

ಎಲ್ಲರೂ ನಕ್ಕರು. ಮಾಲೀಕನೂ ನಕ್ಕ. "ಕಾಗದ ಸರಿ ಇದೆ ತಾನೇ?"

"ಸರಿ ಇದೆ ಸಾರ್" ಎಂದು ಚಿಕ್ಕವಳು ಖಾಲಿ ಸಾಲಿನಲ್ಲಿ ಕೆಂಪು ಗುರುತು ಹಾಕಿದಳು. ಗುರುತು ಉಳಿದವಕ್ಕಿಂತ ದೊಡ್ಡದಾಯಿತು. ದೊಡ್ಡವಳು ಹಿಂದಿರುಗಿ ಪ್ರೆಸ್ ಹತ್ತಿರ ನಿಂತಳು. ಸಂಜೆಯೊಳಗೆ ನೂರಾನಲವತ್ತು ಚಾದರ ಮುಗಿಸಿದಳು.

ಅಂದು ಸಂಜೆ ಅಮ್ಮ ನಾಲ್ಕು ಮೊಟ್ಟೆ ಬೇಯಿಸಿದ್ದಳು. ಊಟ ಮುಗಿಯಿತು. ನಾಲ್ಕು ತಟ್ಟೆ, ಎರಡು ಪಾತ್ರೆ, ತಳ ಹಿಡಿದ ಅನ್ನದ ತಪ್ಪಲೆ ಎಲ್ಲ ಮಧ್ಯದಲ್ಲಿ ಕೂತವು. ದೊಡ್ಡವಳು ಕೈ ತೊಳೆದು ಬಂದು ಕಿಟಕಿ ಪಕ್ಕದ ಹಾಸಿಗೆಯ ಮೇಲೆ ಕಾಲು ಚಾಚಿ ಕೂತಳು. ತಂಗಿಯ ಹಾಸಿಗೆ.

"ಏಳೇ, ಪಾತ್ರೆ ಒಣಗ್ತಿದೆ. ನೀನು ದೊಡ್ಡ..." ಅಮ್ಮ ಅರ್ಧಕ್ಕೇ ಬಾಯಿ ಮುಚ್ಚಿಕೊಂಡಳು.

"ದೊಡ್ಡವಳು ಅಲ್ಲಿದ್ದಾಳೆ" ಎಂದು ದೊಡ್ಡವಳು ಗಲ್ಲದಿಂದ ತೋರಿಸಿದಳು. "ಸರ್ಕಾರವೇ ಬರೆದುಕೊಟ್ಟಿದೆ. ಬೇಕಾದ್ರೆ ಜೆರಾಕ್ಸ್ ತೋರಿಸ್ಲಾ?"

ಅಪ್ಪ ರೇಡಿಯೋದ ಕಡೆ ಕೈ ಚಾಚಿದವನು ಏನು ನಡೆಯುತ್ತದೋ ನೋಡೋಣವೆಂದು ಹಿಂದಕ್ಕೆ ತೆಗೆದುಕೊಂಡ.

ಚಿಕ್ಕವಳು ಜಡೆ ಎತ್ತಿ ಗಂಟು ಹಾಕಿಕೊಂಡಳು. ಆಮೇಲೆ ತೋಳು ಮೇಲೇರಿಸಿ, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬಚ್ಚಲಿಗೆ ಹೋದಳು. ನಲ್ಲಿ ಬಿಟ್ಟ ಸದ್ದು, ತಪ್ಪಲೆ ಜಾರಿ ಬಿದ್ದ ಸದ್ದು.

"ಅಕ್ಕಾ" ಎಂದು ಒಳಗಿಂದ ಕೂಗಿದಳು, ಹಳೇ ಅಭ್ಯಾಸ. "ಒಂದು ಲೆಕ್ಕ ಹಾಕಿದ್ಯಾ? ಕಾಗದದ ಪ್ರಕಾರ ನಾನು ನಿನಗಿಂತ ಎರಡು ವರ್ಷ ಮುಂಚೆ ರಿಟೈರ್ ಆಗ್ತೀನಿ. ನೀನು ಆಗಲೂ ಇಸ್ತ್ರಿ ಹಾಕ್ತಾ ನಿಂತಿರ್ತೀಯ."

ದೊಡ್ಡವಳು ಲೆಕ್ಕ ಹಾಕಿರಲಿಲ್ಲ. ಈಗ ಬೆರಳು ಮಡಚಿ ಹಾಕಿದಳು. ಸರಿಯಾಗಿತ್ತು. ಹೊಟ್ಟೆಯಲ್ಲಿ ಹಳೆಯ ಉರಿ ಮತ್ತೆ ಎದ್ದಿತು.

ಚಿಕ್ಕವಳು ತೊಳೆದ ತಪ್ಪಲೆ ತಂದು ಕವುಚಿದಳು. ತಳದಲ್ಲಿ ಅನ್ನದ ಅಗುಳು ಹಾಗೇ ಅಂಟಿತ್ತು, ಅಂಚಿನಲ್ಲಿ ಸೋಪಿನ ನೊರೆ. ದೊಡ್ಡವಳ ಕೈ ತುರಿಸಿತು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

"ಇನ್ನೊಂದು ಸಲ ಉಜ್ಜು" ಎಂದಳು.